ಅಂಕಲ್‌ಗೆ ಥ್ಯಾಂಕ್ಸ್ ಹೇಳು

ನಾವು ದೇಶ ಬಿಟ್ಟು ಭೂಮಿಯ ದಕ್ಷಿಣ ತುದಿಯ ಲೋವರ್ ಹಟ್‌ಗೆ ಬಂದ ಎರಡನೆಯ ವರ್ಷ, ಆರು ವರ್ಷದ ಮಗಳು ಹ್ಯಾಲೋವೀನ್‌ಗೆ ಹೋಗಲೇಬೇಕೆಂದು ಹಟ ಹಿಡಿದಳು. ದೆವ್ವದ ವೇಷ ಹಾಕಿಕೊಂಡು ಕಂಡಕಂಡವರ ಬಾಗಿಲು ಬಡಿದು ಚಾಕಲೇಟು ಕೇಳುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಅವಳ ತರಗತಿಯ ಮಕ್ಕಳೆಲ್ಲ ಹೋಗುತ್ತಾರೆ ಎಂದಮೇಲೆ ನನ್ನ ಮಾತು ನಡೆಯುವಂತಿರಲಿಲ್ಲ. ಹೋಗುವುದೇ ಆದರೆ ನನ್ನ ಪದ್ಧತಿಯಲ್ಲಿ ಹೋಗೋಣ ಎಂದೆ.

ನನ್ನ ಪದ್ಧತಿ ಎಂದರೆ ಕಾರ್ಖಾನೆಯ ಪದ್ಧತಿ. ಅಲ್ಲಿ ಸುರಕ್ಷತೆಯ ಉಸ್ತುವಾರಿ ನನ್ನದು. ಯಾರು ಎಲ್ಲಿ ಜಾರಬಹುದು, ಯಾವುದು ಯಾರ ತಲೆಯ ಮೇಲೆ ಬೀಳಬಹುದು ಎಂದು ಹುಡುಕುವುದಕ್ಕೇ ನನಗೆ ಸಂಬಳ. ಅವಳ ಕಪ್ಪು ಅಂಗಿ ಕಾಲಿಗೆ ತೊಡರಬಾರದೆಂದು ನಾಲ್ಕು ಬೆರಳು ಮಡಚಿ ಹೊಲಿಸಿದೆ. ಮುಖವಾಡ ಬೇಡ, ಕಣ್ಣಿಗೆ ಅಡ್ಡ ಬರುತ್ತದೆ, ಚೂಪು ಟೋಪಿ ಸಾಕು ಎಂದೆ. ಕೊನೆಗೆ ಕಾರ್ಖಾನೆಯಿಂದ ತಂದ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್ಟನ್ನು ಎಲ್ಲದರ ಮೇಲೆ ತೊಡಿಸಿದೆ. ಅದು ಅವಳ ಮೊಣಕಾಲಿನವರೆಗೂ ಬಂತು.

"ಇದ್ಯಾವ ದೆವ್ವರೀ? ರಸ್ತೆ ರಿಪೇರಿಗೆ ಹೊಂಟಂಗ ಕಾಣಸ್ತದ!" ಎಂದು ಹೆಂಡತಿ ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂತು. ಟಾರ್ಚನ್ನೂ ತೆಗೆದುಕೊಂಡೆ. ಇಲ್ಲಿ ಅಕ್ಟೋಬರ್ ಕೊನೆಯೆಂದರೆ ವಸಂತಕಾಲ, ಸಂಜೆ ಆರೂವರೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎನ್ನುವುದು ಬೇರೆ ಮಾತು.

ಎಲ್ಲಕ್ಕಿಂತ ಮುಖ್ಯವಾದ ನಿಯಮವನ್ನು ಅವಳ ಬಾಯಿಂದ ಮೂರು ಸಲ ಹೇಳಿಸಿದ್ದೆ: ಸ್ಟ್ರೇಂಜರ್ ಮನೆಯಾದರೆ ಬಾಗಿಲಲ್ಲೇ ನಿಲ್ಲಬೇಕು, ಒಳಗೆ ಕಾಲಿಡಬಾರದು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಐ ನೋ, ಅಪ್ಪಾ," ಎಂದಳು, ಸಾಕುಮಾಡು ಎನ್ನುವ ಧಾಟಿಯಲ್ಲಿ.

ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಬಟ್ಟಲು ಹಿಡಿದು ಬಂದಳು. ನಾನು ಗೇಟಿನಿಂದಲೇ, "ಆಂಟಿಗೆ ಥ್ಯಾಂಕ್ಸ್ ಹೇಳು," ಎಂದೆ. ಪಕ್ಕದ ಮನೆಯಲ್ಲಿ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಯುವಕ. "ಅಂಕಲ್‌ಗೆ ಥ್ಯಾಂಕ್ಸ್ ಹೇಳು." ಏಳೆಂಟು ಮನೆ ಹೀಗೇ ಆಯಿತು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಆದರೆ ದೊಡ್ಡವರನ್ನು ಮಗು ಇನ್ನೇನೆಂದು ಕರೆಯಬೇಕು?

ಬೀದಿಯ ತಿರುವಿನ ಮನೆಗೆ ಬಂದಾಗ ಫೋನ್ ಬಂತು. ಕಾರ್ಖಾನೆಯಿಂದ. ಬೆಂಕಿ ಆರಿಸುವ ಸಿಲಿಂಡರಿಗೆ ಅಡ್ಡವಾಗಿ ಯಾರೋ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರಂತೆ. ಅಷ್ಟರಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಬಾಗಿಲು ತೆರೆದರು. ನಾನು ಫೋನಿಗೆ ಕೈ ಮುಚ್ಚಿ, "ಅಂಕಲ್‌ಗೆ ಥ್ಯಾಂಕ್ಸ್ ಹೇಳು," ಎಂದು ಕೂಗಿ, ಪೆಟ್ಟಿಗೆ ಇಟ್ಟವನನ್ನು ಬೈಯಲು ಬೀದಿಯ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡಿದಾಗ ಬಾಗಿಲು ಮುಚ್ಚಿತ್ತು. ಮೆಟ್ಟಿಲ ಮೇಲೆ ಮುದುಕರೂ ಇರಲಿಲ್ಲ, ಮಗಳೂ ಇರಲಿಲ್ಲ.

ಓಡಿಹೋಗಿ ಬಾಗಿಲನ್ನು ಎರಡೂ ಕೈಯಿಂದ ಗುದ್ದಿದೆ. ಅವಳ ಹೆಸರು ಹಿಡಿದು ಕೂಗಿದೆ. ಒಳಗೆ ಟೀವಿಯ ಗದ್ದಲ ಬಿಟ್ಟರೆ ಏನೂ ಕೇಳಿಸಲಿಲ್ಲ. ಮನೆ ಸುತ್ತಿಕೊಂಡು ಹಿತ್ತಲಿಗೆ ಓಡಿದೆ, ಗುಲಾಬಿ ಮುಳ್ಳಿಗೆ ಸಿಕ್ಕಿ ಪ್ಯಾಂಟು ಹರಿಯಿತು. ಆ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ ನನಗೆ ಏನೇನು ಕಾಣಿಸಿತೋ ಅದನ್ನು ಹೆಂಡತಿಗೂ ಇವತ್ತಿನವರೆಗೆ ಹೇಳಿಲ್ಲ.

ಅಡುಗೆಮನೆಯ ಬಾಗಿಲು ತೆರೆದಿತ್ತು. ಮೊದಲು ಕಂಡದ್ದು ಕಿತ್ತಳೆ ಜಾಕೆಟ್ಟು. ಮಗಳು ಕುರ್ಚಿಯ ಮೇಲೆ ಕಾಲು ಅಲ್ಲಾಡಿಸುತ್ತ ಕುಳಿತಿದ್ದಳು. ಮುದುಕರು ಕಪಾಟಿನೊಳಗೆ ತಲೆ ತೂರಿಸಿ ಏನೋ ಹುಡುಕುತ್ತಿದ್ದರು. ಅವರ ಹೆಂಡತಿ ಮಗಳ ಟೋಪಿಯನ್ನು ಸರಿಮಾಡುತ್ತಿದ್ದರು.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ, ಅರ್ಧ ಕನ್ನಡದಲ್ಲಿತ್ತು. ಮುದುಕರು ಬಿಸ್ಕತ್ತಿನ ಪೊಟ್ಟಣ ಹಿಡಿದು ತಿರುಗಿದರು. ಅವರ ಎರಡೂ ಕಿವಿಯಲ್ಲಿ ಶ್ರವಣಯಂತ್ರ ಇತ್ತು. ಚಾಕಲೇಟು ಮುಗಿದುಹೋಗಿತ್ತಂತೆ, ಮಗುವನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲವಂತೆ. "ಸಾರಿ, ಮೇಟ್," ಎಂದರು. ಪೊಟ್ಟಣವನ್ನು ನನ್ನ ಕಡೆಗೇ ಚಾಚಿದರು. ನನಗೆ ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ, ಮಗಳನ್ನು ಎಳೆದುಕೊಂಡೇ ಬೀದಿಗೆ ಬಂದೆ.

"ಎಷ್ಟ್ ಸಲ ಹೇಳೇನಿ ನಿನಗ? ಸ್ಟ್ರೇಂಜರ್ ಮನಿಯೊಳಗ ಯಾಕ ಹೋದಿ?"

ಅವಳು ಕೈ ಬಿಡಿಸಿಕೊಂಡಳು. "ಬಟ್ ಹೀ ಈಸ್ ನಾಟ್ ಎ ಸ್ಟ್ರೇಂಜರ್. ಹೀ ಈಸ್ ಅಂಕಲ್. ಯೂ ಸೆಡ್!"

ಅಂಕಲ್ ಮನೆ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ. ಶನಿವಾರ ಭಾನುವಾರ ನಮ್ಮ ಕನ್ನಡದವರ ಮನೆಗೆ ಹೋದಾಗ ಚಪ್ಪಲಿ ಬಿಟ್ಟು ಸೀದಾ ಒಳಗೆ ಓಡುವ, ಫ್ರಿಜ್ ತೆರೆದರೂ ಯಾರೂ ಗದರದ ಮನೆ. ಅಂಥವರಿಗೆ ಇಟ್ಟ ಹೆಸರನ್ನೇ ನಾನು ಆ ಸಂಜೆ ಬೀದಿಯ ಎಲ್ಲರಿಗೂ ಹಂಚಿದ್ದೆ. ಸ್ಟ್ರೇಂಜರ್ ಎಂದು ಒಬ್ಬರನ್ನೂ ತೋರಿಸಿರಲಿಲ್ಲ. ಅವಳು ನಿಯಮ ಮುರಿದಿರಲಿಲ್ಲ.

ಚಾಕಲೇಟಿನ ಬುಟ್ಟಿ ಅರ್ಧವೂ ತುಂಬಿಲ್ಲವೆಂದು ಅವಳು ಅತ್ತಳು. ಒಂದೇ ಒಂದು ಮನೆ ಎಂದು ಒಪ್ಪಿದೆ. ಕನ್ನಡಕ ಹಾಕಿದ ಗಂಡಸೊಬ್ಬ ಬಾಗಿಲು ತೆರೆದು ಬಟ್ಟಲು ಚಾಚಿದ. ಅವಳು ಕೈ ಹಾಕಲಿಲ್ಲ. ಗೇಟಿನಲ್ಲಿದ್ದ ನನ್ನ ಕಡೆ ತಿರುಗಿ ಜೋರಾಗಿ ಕೇಳಿದಳು: "ಅಪ್ಪಾ, ಅಂಕಲ್ ಆರ್ ಸ್ಟ್ರೇಂಜರ್?"

ಅವನು ನಕ್ಕ. ನಾನು ಗೇಟು ದಾಟಿ, ಮೆಟ್ಟಿಲು ಹತ್ತಿ, ಅವಳ ಪಕ್ಕದಲ್ಲಿ ನಿಂತು ಕೈ ಹಿಡಿದುಕೊಂಡೆ.

"ಥ್ಯಾಂಕ್ಸ್ ಹೇಳು," ಎಂದೆ, ಅಷ್ಟೇ.