ಉಪ್ಪು ನೋಡುವ ಕೆಲಸ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಯಾರಿಗೂ ಸುಮ್ಮನೆ ಪುಕ್ಕಟೆ ಊಟ ಹಾಕಲು ಬರುವುದಿಲ್ಲ. ಜಿಪುಣರಲ್ಲ. ಅಯ್ಯೋ, ಜಿಪುಣರಾಗಿದ್ದರೆ ನಮ್ಮಕ್ಕನ ಕಿವಿಯಲ್ಲಿ ಇಷ್ಟು ಹೊತ್ತಿಗೆ ಚಿನ್ನ ಇರುತ್ತಿತ್ತು! ಹಸಿದವರು ಕಣ್ಣಿಗೆ ಬಿದ್ದರೆ ಸಾಕು, ಅವರಿಗೊಂದು ಕೆಲಸ ಹುಟ್ಟಿಸುತ್ತಾರೆ. ಕೆಲಸದ ಜೊತೆಗೆ ಊಟ. ಬೀದಿ ಕೊನೆಯ ಒಂಟಿ ಅಜ್ಜಿ ದಿನವೂ ಬಂದು ಗೋಡೆ ಗಡಿಯಾರ ಸರಿಯಿದೆಯೇ ಎಂದು ನೋಡಬೇಕು. ನಿವೃತ್ತ ಪೋಸ್ಟ್‌ಮ್ಯಾನ್ ಪೇಪರ್ ಓದಿ ಸುದ್ದಿ ಹೇಳಬೇಕು. ಹನ್ನೆರಡು ಮೇಜಿನ ನಮ್ಮ ಹೋಟೆಲಿನಲ್ಲಿ ಎಲ್ಲರೂ ಅಧಿಕಾರಿಗಳೇ. ಅಡುಗೆಯವನಾದ ನಾನೊಬ್ಬನೇ ಆಳು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದ ಟೈಲರ್ ತಾತನನ್ನು ಭಾವ ಒಂದು ದಿನ ಅಡುಗೆಮನೆಗೇ ಕರೆತಂದರು. "ಇನ್ಮೇಲೆ ತಾತ ಉಪ್ಪು ನೋಡ್ತಾರೆ. ಅವರು ಹೂಂ ಅಂದ್ಮೇಲೇನೇ ಬಡಿಸೋದು" ಎಂದರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಸೌಟು ಹಿಡಿದ ಕೈ ಇದು! ಸೂಜಿಗೆ ದಾರ ಪೋಣಿಸುತ್ತಿದ್ದವರು ನನ್ನ ಸೂಪಿಗೆ ಮಾರ್ಕು ಹಾಕುವುದೇ?

ಒಂದು ವರ್ಷ ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹನ್ನೊಂದೂವರೆಗೆ ಸರಿಯಾಗಿ ಬಂದರು. ಒಂದು ಬಟ್ಟಲು ಸೂಪು ಕುಡಿದು, ಕಣ್ಣು ಮುಚ್ಚಿ ಯೋಚಿಸಿ, "ಸರಿಯಾಗಿದೆ" ಎನ್ನುತ್ತಿದ್ದರು. ಆಮೇಲೆ ಊಟ. ಒಂದು ದಿನವೂ ಉಪ್ಪು ಕಮ್ಮಿ ಎನ್ನಲಿಲ್ಲ, ಹೆಚ್ಚು ಎನ್ನಲಿಲ್ಲ. ನನಗೆ ಅನುಮಾನ ಬಂತು. ಒಂದು ಮಂಗಳವಾರ ಅವರ ಬಟ್ಟಲಿಗೆ ಮಾತ್ರ ಎರಡು ಚಮಚ ಉಪ್ಪು ಕದಡಿ ಕೊಟ್ಟೆ. ತಾತ ಅರ್ಧ ಕುಡಿದು, ಕಣ್ಣು ಮುಚ್ಚಿ, "ಸರಿಯಾಗಿದೆ" ಎಂದರು.

"ಭಾವ, ಬನ್ನಿ ಇಲ್ಲಿ! ಇದನ್ನ ಒಂದ್ಸಲ ಬಾಯಿಗೆ ಹಾಕ್ಕೊಳ್ಳಿ! ಎರಡು ಚಮಚ ಉಪ್ಪು ಸುರಿದಿದ್ದೀನಿ, ಇವರು ಸರಿಯಾಗಿದೆ ಅಂತಾರೆ!" ಎಂದು ಕೂಗಿದೆ. ಭಾವ ಒಂದು ಗುಟುಕು ಕುಡಿದರು. ಮುಖ ಕಿವುಚದೆ ನುಂಗಿದರು. ನಾನು ಗೆದ್ದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ತಾತ ಎದ್ದು, ಕೋಲು ತಡಕಿಕೊಂಡು, ಊಟ ಮಾಡದೆ ಹೊರಟುಹೋದರು.

ಭಾವ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಇಲ್ಲಿಗೆ ಬರೋಕ್ಮುಂಚೆ ಒಂದ್ಸಲ ದೊಡ್ಡ ಜ್ವರ ಬಂದಾಗಲೇ ಅವರ ನಾಲಗೆಯ ರುಚಿ ಹೋಯ್ತು ಕಣೋ. ನಂಗೆ ಮೊದಲಿಂದ ಗೊತ್ತು" ಎಂದರು ಅಷ್ಟೇ.

ತಾತನಿಗೆ ದಿನಕ್ಕೆ ಅದೊಂದೇ ಊಟ. ನಾಲ್ಕು ದಿನ ಅವರು ಬರಲಿಲ್ಲ. ಭಾವ ಕಳಿಸಿದ ಊಟದ ಕ್ಯಾರಿಯರ್ ಮುಚ್ಚಳ ಕೂಡ ತೆಗೆಯದೆ ವಾಪಸ್ ಬಂತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ನನಗೂ ಅನ್ನ ಇಳಿಯಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಹೊಲಿಗೆ ಮೆಷಿನ್ ಪಕ್ಕ ಗೋಡೆಗೊರಗಿ ಕೂತಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು.

"ತಪ್ಪಾಯ್ತು ತಾತ" ಎಂದೆ.

"ನಿನ್ನ ಮೇಲೆ ಕೋಪ ಇಲ್ಲ ಕಣಪ್ಪ. ಅದು ಕೆಲಸ ಅಲ್ಲ ಅಂತ ನಂಗೆ ಮೊದಲನೇ ದಿನವೇ ಗೊತ್ತಿತ್ತು. ಪಾಪ, ನಿಮ್ಮ ಭಾವ ಅಷ್ಟು ಒದ್ದಾಡ್ತಿದ್ದ, ನಾನೂ ಏನೂ ತಿಳೀದವನ ಹಾಗೆ ಇದ್ದೆ. ಈಗ ಇನ್ನೊಂದು ಕೆಲಸ ಹುಟ್ಟಿಸ್ಕೊಂಡು ಬಂದ್ರೆ ನಾನು ಬರಲ್ಲ. ಬಾಯಿಬಿಟ್ಟು ಊಟಕ್ಕೆ ಕರೀಲಿ. ಕರೀತಾನಾ ಕೇಳು."

ಹೋಗಿ ಹೇಳಿದೆ. ಭಾವ ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತರು.

"ಹಂಗೆ ಕರೆದ್ರೆ ಅವಮಾನ ಆಗಲ್ವೇನೋ? ಚಿಕ್ಕವನಿದ್ದಾಗ ನಾನೂ ತಟ್ಟೆ ಹಿಡ್ಕೊಂಡು ಪುಕ್ಕಟೆ ಊಟದ ಸಾಲಲ್ಲಿ ನಿಂತಿದ್ದೆ. ಬಡಿಸೋವನು 'ಬಂತು ಇನ್ನೊಂದು' ಅಂದ. ಅಷ್ಟೇ ಅಂದಿದ್ದು. ಇವತ್ತಿಗೂ ಕಿವೀಲಿದೆ."

ಇಷ್ಟು ವರ್ಷ ಒಂದೇ ಸೂರಿನಡಿ ದುಡಿದರೂ ಇದು ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲವಂತೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆ ಮನುಷ್ಯನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. "ಏಳಿ ಭಾವ, ನಾನೂ ಬರ್ತೀನಿ" ಎಂದು ಕೈಹಿಡಿದು ಎಬ್ಬಿಸಿದೆ. ಹೋಟೆಲನ್ನು ಗಡಿಯಾರದ ಅಜ್ಜಿಗೆ ಒಪ್ಪಿಸಿ ಹೊರಟೆವು.

ತಾತನ ಬಾಗಿಲಲ್ಲಿ ನಿಂತು ಭಾವ ಬೆವರು ಒರೆಸಿಕೊಂಡರು. "ತಾತ, ಹೋಟೆಲಲ್ಲಿ ಒಂದು ಸಣ್ಣ..." ಎಂದು ಶುರುಮಾಡಿದರು. ತಾತ ತಲೆಯೆತ್ತಿದರು. ಭಾವನ ಮಾತು ಅಲ್ಲೇ ನಿಂತಿತು. ಹೊಸ್ತಿಲು ದಾಟಿ ಒಳಗೆ ಬಂದರು.

"ಏನೂ ಕೆಲಸ ಇಲ್ಲ ತಾತ. ಊಟಕ್ಕೆ ಬನ್ನಿ."

"ಹಸಿವಾಗಿದೆ, ನಡಿ" ಎಂದು ತಾತ ಕೋಲಿಗೆ ಕೈಚಾಚಿದರು.

ಕಿಟಕಿ ಪಕ್ಕದ ಮೇಜಿಗೆ ಇಬ್ಬರೂ ಎದುರುಬದುರು ಕೂತರು. ನಾನೇ ಸೂಪು ಬಡಿಸಿದೆ. ತಾತ ಒಂದು ಗುಟುಕು ಕುಡಿದರು. ಭಾವ ಅಭ್ಯಾಸಬಲದಿಂದ "ಹೇಗಿದೆ?" ಎಂದು ಕೇಳಿ ನಾಲಗೆ ಕಚ್ಚಿಕೊಂಡರು.

"ರುಚಿ ಗೊತ್ತಾಗಲ್ಲ ಕಣಪ್ಪ. ಬಿಸಿ ಗೊತ್ತಾಗುತ್ತೆ" ಎಂದ ತಾತ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಇನ್ನೊಂದು ಸೌಟು ಹಾಕು."