ವಿದ್ಯಾಗಿರಿಯ ಮಾಳಿಗೆಯ ಮೇಲಿನ ತಂತಿ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ಭೌತಶಾಸ್ತ್ರದ ಉಪನ್ಯಾಸಕಿ ಪದ್ಮಶ್ರೀಗೆ ಹವ್ಯಾಸಿಗಳು ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿದ್ದಳು. ಬಾಡಿಗೆ ಮನೆಯ ಮಾಳಿಗೆಯ ಮೇಲೆ ಗಂಡ ವಿಜಯಮಹಾಂತೇಶನ ಕೈಯಿಂದಲೇ ಆಂಟೆನಾದ ತಂತಿ ಕಟ್ಟಿಸಿದ್ದಳು. ಮೊಬೈಲಿಲ್ಲದೆ, ಇಂಟರ್ನೆಟ್ಟಿಲ್ಲದೆ ಸಮುದ್ರದಾಚೆಯ ದನಿಯೊಂದು ತನ್ನನ್ನು ಕರೆದಾಗ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಈ ಸುಖ ನಾಲ್ಕು ಜನಕ್ಕೆ ಸಿಗಲೆಂದು ಫೇಸ್‌ಬುಕ್ಕಿನಲ್ಲಿ ವಿಡಿಯೋ ಹಾಕತೊಡಗಿದಳು. ನೋಡುವವರೇ ಅಪರೂಪ. ನೋಡಿದವರು, "ಮೇಡಂ, ಇದರಾಗ ಸಿನಿಮಾ ಹಾಡು ಬರ್ತಾವೇನ್ರಿ?" ಎಂದು ಕೇಳುತ್ತಿದ್ದರು.

ಹೀಗಿರುವಾಗ ಹುನಗುಂದದಿಂದ ತಬಸುಮ ಎಂಬ ಬಿಎಸ್ಸಿ ವಿದ್ಯಾರ್ಥಿನಿಯ ಸಂದೇಶ ಬಂತು: "ನನಗೂ ಕಲಸ್ತೀರೇನ್ರಿ?" ರವಿವಾರ ಬಂದರೆ ಅವಳು ಬಸ್ಸು ಹಿಡಿದು ಬರುತ್ತಿದ್ದಳು. ಬಸ್ಸು ಅಮೀನಗಡದಲ್ಲಿ ನಿಂತಾಗ ಪದ್ಮಶ್ರೀಗೆಂದು ಕರದಂಟು ಕೊಳ್ಳುವುದನ್ನು ಮರೆಯುತ್ತಿರಲಿಲ್ಲ. ಕೊನೆಗೆ ಅವಳೂ ಪರೀಕ್ಷೆ ಪಾಸಾದಳು.

ಲೈಸೆನ್ಸ್ ಕೈಸೇರಿದ ಮೇಲೆ ತಬಸುಮ ಮೊದಲ ಸಲ ಮೈಕು ಹಿಡಿದಳು. ಮೊದಲ ಕೂಗಿಗೆ ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದಾಗ ಶ್ರೀಲಂಕಾದ ಮುದುಕನೊಬ್ಬ ಉತ್ತರಿಸಿ, ಹೆಸರು ಕೇಳಿ, ಅವಳು ನಡುಗುವ ದನಿಯಲ್ಲಿ ಹೇಳಿದಾಗ ಹರಸಿದ. ಹುಡುಗಿ ನಗುತ್ತಲೇ ಕಣ್ಣೊರೆಸಿಕೊಂಡಳು. ಪದ್ಮಶ್ರೀ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದಳು.

"ಇದನ್ನ ಹಾಕ್ಲೇನು?"

"ಹಾಕ್ರಿ ಮೇಡಂ. ನಮ್ಮ ಗೆಳತ್ಯಾರೂ ನೋಡ್ಲಿ."

ಅದೊಂದೇ ವಿಡಿಯೋ ಓಡಿತು. ಯಾರೋ ಶ್ರೀಲಂಕಾದ ಹೆಸರು ಬರುವ ಭಾಗ ಕತ್ತರಿಸಿ ತೆಗೆದು, ತಬಸುಮ ತನ್ನ ಹೆಸರು ಹೇಳುವಷ್ಟನ್ನೇ ಉಳಿಸಿ, 'ವೈರಿ ದೇಶದ ಜೋಡಿ ಯಾರ್ ಮಾತಾಡಾಕತ್ತಾರ ನೋಡ್ರಿ' ಎಂದು ಬರೆದು ವಾಟ್ಸಾಪಿನಲ್ಲಿ ಹರಿಬಿಟ್ಟರು. ಇಳಕಲ್ಲಿನಿಂದ ಪದ್ಮಶ್ರೀಯ ಅತ್ತೆ ಫೋನ್ ಮಾಡಿ ಅತ್ತರು. ಪೊಲೀಸರು ಬಂದು, ಲೈಸೆನ್ಸ್ ನೋಡಿ, ತಪ್ಪೇನೂ ಇಲ್ಲವೆಂದು ಹೋದರು. ಪದ್ಮಶ್ರೀ ಪೂರ್ತಿ ವಿಡಿಯೋವನ್ನೂ ವಿವರಣೆಯನ್ನೂ ಮತ್ತೆ ಹಾಕಿದಳು. ಅದನ್ನು ಯಾರೂ ಹಂಚಲಿಲ್ಲ. ಪೊಲೀಸರು ಬಂದದ್ದಷ್ಟೇ ಓಣಿಗೆ ಕಂಡಿತ್ತು.

ಹುನಗುಂದದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ತಬಸುಮಳ ತಂದೆ ರಿಜ್ವಾನ ಒಂದು ಸಂಜೆ ಪದ್ಮಶ್ರೀಯ ಮನೆಗೆ ಬಂದರು. ಕರೆದರೂ ಹೊಸ್ತಿಲು ದಾಟಲಿಲ್ಲ.

"ನಿಮ್ಮ ತಪ್ಪಲ್ಲಂತ ನನಗ ಗೊತ್ತೈತ್ರಿ ಮೇಡಂ. ಆದ್ರ ನಾವು ನಮ್ಮ ಓಣ್ಯಾಗ ಬಾಳೇವು ಮಾಡಬೇಕಲ್ರಿ. ಇನ್ನ ಆಕೀಗೆ ಫೋನ್ ಮಾಡಬ್ಯಾಡ್ರಿ."

"ಕಾಲೇಜಿಗರ ಕಳಸ್ರಿ," ಎಂದಳು ಪದ್ಮಶ್ರೀ. ಅವರು ಕೈ ಮುಗಿದು ಮೆಟ್ಟಿಲಿಳಿದರು.

ಮನೆಯೊಡತಿ ಇಂದ್ರಾಬಾಯಿ, "ಆ ತಂತಿ ತಗೀರಿ, ಇಲ್ಲಾಂದ್ರ ಮನಿ ಖಾಲಿ ಮಾಡ್ರಿ," ಎಂದಳು. ವಿಜಯಮಹಾಂತೇಶ ಮಾಳಿಗೆ ಹತ್ತಿ ತಂತಿ ಬಿಚ್ಚಿದ. ಪದ್ಮಶ್ರೀ ತಡೆಯಲಿಲ್ಲ.

ಮನಸ್ಸು ತಡೆಯದೆ ಒಮ್ಮೆ ಅವಳೇ ಹುನಗುಂದಕ್ಕೆ ಹೋದಳು. ಸೈಕಲ್ ಅಂಗಡಿಗೆ ಬೀಗ. "ಹುಡುಗಿ ಕಾಲೇಜು ಬಿಡಿಸಿ ಬಿಜಾಪುರಕ್ಕ ಸೋದರತ್ತಿ ಮನಿಗೆ ಕಳಿಸ್ಯಾರ," ಎಂದ ಪಕ್ಕದ ಅಂಗಡಿಯವ, ಅವಳ ಮುಖವನ್ನೇ ದಿಟ್ಟಿಸುತ್ತ. ಫೇಸ್‌ಬುಕ್ಕಿನ ಮೇಡಂ ಇವಳೇ ಎಂದು ಗುರುತು ಹಿಡಿದಿದ್ದನೆಂದು ಕಾಣುತ್ತದೆ.

ಮರಳುವ ಬಸ್ಸಿನಲ್ಲಿ ಪದ್ಮಶ್ರೀ ತನ್ನ ವಿಡಿಯೋಗಳನ್ನು ಒಂದೊಂದಾಗಿ ಅಳಿಸಿದಳು. ಮುಂದಿನ ಸೀಟಿನಲ್ಲಿ ಯಾರದೋ ಮೊಬೈಲಿನಿಂದ ತಬಸುಮಳ ನಡುಗುವ ದನಿ, ಹೆಸರು ಹೇಳುವಷ್ಟು ಮಾತ್ರ, ಮತ್ತೆ ಮತ್ತೆ ಕೇಳುತ್ತಿತ್ತು.