ಬ್ಯಾಂಕಿನ ಕುರಿ

ನಮ್ಮ ಹಿಂಡಿನಲ್ಲಿ ಕೆಲವು ಕುರಿಗಳು ನಮ್ಮವಾಗಿರಲಿಲ್ಲ. ಅವು ಬ್ಯಾಂಕಿನವು. ಇದು ಬ್ಯಾಂಕಿಗೆ ಗೊತ್ತಿರಲಿಲ್ಲ, ನಮ್ಮಪ್ಪನಿಗೆ ಗೊತ್ತಿತ್ತು.

ನಾನು ನರ್ಸಿಂಗ್ ಓದುವುದಕ್ಕೆಂದು ಶಹಾಪುರದ ಬ್ಯಾಂಕೊಂದರಲ್ಲಿ ಶಿಕ್ಷಣ ಸಾಲ ತೆಗೆದಾಗ ನನ್ನ ಸಹಿಯ ಪಕ್ಕದಲ್ಲಿ ಅಪ್ಪನೂ ಹೆಬ್ಬೆಟ್ಟು ಒತ್ತಿದ್ದ. ಆವತ್ತು ವನದುರ್ಗದ ಹತ್ತಿರದ ನಮ್ಮೂರಿಗೆ ಮರಳಿದವನೇ ಚಹಾ ಕೂಡ ಕುಡಿಯದೆ ಹಿಂಡಿಗೆ ಇಳಿದು, ಒಳ್ಳೊಳ್ಳೆಯ ಹೆಣ್ಣು ಕುರಿಗಳನ್ನು ಆರಿಸಿ, ಅವುಗಳ ಬಲಗಿವಿಯನ್ನು ನಡುವೆ ಸೀಳಿದ. ನಮ್ಮ ಕಡೆ ಕುರಿಯ ಕಿವಿ ನೋಡಿದರೆ ಅದರ ಒಡೆಯ ಯಾರೆಂದು ತಿಳಿಯುತ್ತದೆ. ಒಬ್ಬರು ತುದಿ ಕೊಯ್ಯುತ್ತಾರೆ, ಇನ್ನೊಬ್ಬರು ಅಂಚಿನಲ್ಲಿ ಕಚ್ಚು ಹಾಕುತ್ತಾರೆ. ಬಲಗಿವಿ ಸೀಳಿ ಎರಡು ಮಾಡಿದ್ದರೆ ಅದು ನಮ್ಮ ಕುಲದೇವರಾದ ಬೀರಪ್ಪನಿಗೆ ಬಿಟ್ಟ ಕುರಿ. ಅದನ್ನು ಬಯ್ಯಬಾರದು, ಹೊಡೆಯಬಾರದು, ಮನೆಯಲ್ಲಿ ಕೊಯ್ದು ತಿನ್ನಬಾರದು.

ದೇವರ ಗುರುತನ್ನು ಬ್ಯಾಂಕಿಗೆ ಯಾಕೆ ಹಾಕಿದೆ ಎಂದು ಅವ್ವ ಜಗಳ ತೆಗೆದಳು. ಅಪ್ಪನ ಲೆಕ್ಕ ಸರಳವಾಗಿತ್ತು. ಬೇರೆ ಯಾವ ಗುರುತು ಹಾಕಿದರೂ ಹಬ್ಬ ಬಂತು, ಬೀಗರು ಬಂದರು ಎಂದು ನಾವೇ ಕೈ ಹಾಕಿಬಿಡುತ್ತೇವೆ. ಈ ಗುರುತಿಗೆ ಮಾತ್ರ ಮನೆಯವರೆಲ್ಲ ಅಂಜುತ್ತಾರೆ. ಈ ಕುರಿಗಳು ಈದ ಮರಿಗಳನ್ನು ಮಾರಿ ಸಾಲ ಕಟ್ಟುವುದು, ತಾಯಿ ಕುರಿಗಳನ್ನು ಮುಟ್ಟದಿರುವುದು ಎಂದು ಅವನು ನಿರ್ಧರಿಸಿದ್ದ.

ಅದನ್ನು ಅವನು ನಿಷ್ಠೆಯಿಂದ ಪಾಲಿಸಿದ. ಒಮ್ಮೆ ಮಾವನ ಮನೆಯವರೆಲ್ಲ ಬಂದ ದಿನವೇ ಬ್ಯಾಂಕಿನ ಕುರಿಯೊಂದು ಕಾಲುವೆಯ ದಂಡೆಯಿಂದ ಜಾರಿ ಕಾಲು ಮುರಿದುಕೊಂಡಿತು. ಇನ್ನೇನು ಬದುಕುವುದಿಲ್ಲ ಎಂದು ಎಲ್ಲರೂ ಮಸಾಲೆ ಅರೆಯಲು ಕೂತರು. ಅಪ್ಪ ಮಾತ್ರ ಬಿದಿರು ಸೀಳಿ ಕುರಿಯ ಕಾಲಿಗೆ ಕಟ್ಟಿದ. ಬೀಗರು ಬೇಳೆ ಸಾರು ಉಂಡು ಹೋದರು. "ಮ್ಯಾನೇಜರ್ ಬಂದು ಇದರ ಕಾಲು ಒತ್ತತಾನೇನು?" ಎಂದು ಅವ್ವ ಕೇಳಿದ್ದನ್ನು ನಮ್ಮ ಓಣಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಓದು ಮುಗಿದು ನಾನು ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಸಂಬಳದ ಬಗ್ಗೆ ಹೇಳದಿರುವುದೇ ಲೇಸು. ಕಾಲೇಜಿನವರು ಸೇರಿಸಿಕೊಳ್ಳುವಾಗ ತೋರಿಸಿದ ಬಣ್ಣದ ಪುಸ್ತಕದಲ್ಲಿ ನಗುತ್ತಿದ್ದ ನರ್ಸುಗಳು ಯಾವ ಊರಿನವರೋ ಕಾಣೆ, ನಮ್ಮೂರಿನವರಂತೂ ಅಲ್ಲ. ತರಬೇತಿಯ ಹೆಸರಿನಲ್ಲಿ ವರ್ಷಗಟ್ಟಲೆ ವಾರ್ಡುಗಳಲ್ಲಿ ಪುಕ್ಕಟೆ ದುಡಿದೆವು, ಅದಕ್ಕೆ ಫೀಸನ್ನೂ ನಾವೇ ಕಟ್ಟಿದೆವು. ನಾವು ಓದುವಾಗಲೇ ಬಡ್ಡಿ ಬೆಳೆಯುತ್ತಿತ್ತು. ನನ್ನ ಸಂಬಳದಿಂದ ಅರ್ಧ, ಮರಿಗಳಿಂದ ಅರ್ಧ ಎಂದು ಹೇಗೋ ಕಂತು ಸಾಗುತ್ತಿತ್ತು. ತಂಗಿಯ ಪಿಯುಸಿ ಖರ್ಚಿಗೆ ಅಪ್ಪ ನಮ್ಮ ಪಾಲಿನ ಕುರಿಗಳನ್ನೇ ಮಾರಿದ. ನಮ್ಮವು ಎಂದು ಕೊನೆಗೆ ಉಳಿದದ್ದು ಕೆಲವು ಮುದಿ ಕುರಿಗಳು ಮಾತ್ರ.

ಶಿಕ್ಷಣ ಸಾಲ ಮನ್ನಾ ಆಗುತ್ತದೆ ಎಂಬ ಮಾತು ಎದ್ದದ್ದು ಆಗಲೇ. ಯಾರೋ ಭಾಷಣದಲ್ಲಿ ಹೇಳಿದರಂತೆ, ಯಾರೋ ಮನವಿ ಕೊಟ್ಟರಂತೆ. ದವಾಖಾನೆಯ ಟಿವಿಯಲ್ಲಿ ದಿನವೂ ಅದೇ ಚರ್ಚೆ. ಕೋಟು ತೊಟ್ಟ ಒಬ್ಬರು, ಮನ್ನಾ ಮಾಡಿದರೆ ಯುವಜನರ ಶಿಸ್ತು ಕೆಡುತ್ತದೆ ಎಂದರು. ನನ್ನ ಮೈ ಉರಿಯಿತು. ಮೂರು ಪಾಳಿ ಕೆಲಸ ಮಾಡಿ, ಒಂದೇ ಜೋಡಿ ಚಪ್ಪಲಿಯನ್ನು ಹೊಲಿಸಿ ಹೊಲಿಸಿ ಹಾಕಿಕೊಳ್ಳುವವಳಿಗೆ ಇನ್ನೆಂಥ ಶಿಸ್ತು ಕಲಿಸುತ್ತಾರೆ ಇವರು?

ನಾನು ಹಾಗೆ ಗೊಣಗಿದ್ದು ದವಾಖಾನೆಯೊಳಗಿನ ಔಷಧಿ ಅಂಗಡಿಯವರ ಕಿವಿಗೆ ಬಿತ್ತು. ಅವರು ಸುರಪುರದ ಕಡೆಯವರು, ನಮ್ಮ ಹಾಗೆಯೇ ಕುರಿ ಸಾಕುವ ಮನೆತನ. ಅವರ ತಮ್ಮ ಇನ್ನೂ ಹಿಂಡು ಕಾಯುತ್ತಾನೆ. ಚೀಟಿ ನೋಡಿ ಗುಳಿಗೆ ತೆಗೆದುಕೊಡುವ ಸಹಾಯಕರಾಗಿ ಅವರ ತಲೆ ನರೆತಿತ್ತು.

"ನನಗೂ ಫಾರ್ಮಸಿ ಸೀಟು ಸಿಕ್ಕಿತ್ತವ್ವಾ. ಸಾಲ ಅಂದ್ರ ನಮ್ಮಪ್ಪ ಅಂಜಿದ. ನಾ ಓದಲಿಲ್ಲ, ಸಾಲ ಮಾಡಲಿಲ್ಲ. ಈಗ ಓದಿದವರ ಸಾಲ ನಾ ಯಾಕ ತೀರಸಬೇಕು?" ಎಂದರು.

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಜಾಡಿಸಿಬಿಡುತ್ತಿದ್ದೆ, ಬಾಯಿ ನನಗೂ ಸಣ್ಣದೇನಲ್ಲ. ಅವರಿಗೆ ಮಾತ್ರ, ನಿಮಗೂ ಆಗ ಯಾರಾದರೂ ಫೀಸು ಕಟ್ಟಬೇಕಿತ್ತು ಎಂದಷ್ಟೇ ಹೇಳಿದೆ. ಅವರು ನಕ್ಕು, ಕಟ್ಟಲಿಲ್ಲವಲ್ಲ ಎಂದು ಮುಂದಿನವರ ಚೀಟಿ ತೆಗೆದುಕೊಂಡರು.

ಮನ್ನಾದ ಸುದ್ದಿ ನಮ್ಮೂರಿಗೂ ಮುಟ್ಟಿತು. ಅಪ್ಪ ಆ ರವಿವಾರ ನನ್ನನ್ನು ಕೂರಿಸಿಕೊಂಡು, ಇನ್ನು ಕಂತು ಕಟ್ಟುವುದು ಬೇಡ ಎಂದ. ಇದು ಆಸೆಯ ಮಾತಲ್ಲ. ಹಿಂದೆ ಬೆಳೆ ಸಾಲ ಮನ್ನಾ ಆದಾಗ ಅಪ್ಪ ಅದಕ್ಕೆ ಸ್ವಲ್ಪ ಮುಂಚೆಯೇ ಟಗರು ಮಾರಿ ಸಾಲ ಚುಕ್ತಾ ಮಾಡಿದ್ದ. ಕಟ್ಟದವರ ಸಾಲ ಹೋಯಿತು, ಕಟ್ಟಿದವನು ಕಟ್ಟೆಯ ಮೇಲೆ ನಗೆಗೀಡಾದ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ.

"ಒಮ್ಮೆ ನಕ್ಕಾರ. ಇನ್ನೊಮ್ಮೆ ನಗಸಿಕೊಳ್ಳಾಕ ನನ್ನ ಕಡೆ ಮುಖ ಇಲ್ಲ," ಎಂದ.

ನಾನು ಕಂತು ನಿಲ್ಲಿಸಿದೆ. ಅದನ್ನು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ತಿಂಗಳ ಕೊನೆಯಲ್ಲೂ ನನ್ನ ಪರ್ಸಿನಲ್ಲಿ ನೋಟಿತ್ತು. ಅವ್ವನ ಕಣ್ಣಿಗೆ ಕನ್ನಡಕ ಮಾಡಿಸಿದೆ, ಹೊಸ ಚಪ್ಪಲಿ ಕೊಂಡೆ. ನಾನು ನಡೆಯುವ ರೀತಿಯೇ ಬದಲಾಗಿದೆ ಎಂದು ವಾರ್ಡಿನ ಆಯಾ ರೇಗಿಸಿದಳು. ಮನ್ನಾ ಬೇಕೋ ಬೇಡವೋ ಎಂದು ಮಾತಾಡುವವರು ಯಾರಾದರೂ ಒಂದು ತಿಂಗಳು ಆ ಹಗುರವನ್ನು ಉಂಡು ನೋಡಬೇಕು.

ಅಪ್ಪ ಮರಿ ಮಾರುವುದನ್ನೂ ನಿಲ್ಲಿಸಿದ. ಆದರೆ ಬ್ಯಾಂಕಿನ ಕುರಿಗಳು ಈದ ಒಂದೊಂದು ಮರಿಯ ಬಲಗಿವಿಯನ್ನೂ, ಹೆಣ್ಣು ಗಂಡು ಎನ್ನದೆ, ತಾಯಿಯದರ ಹಾಗೆಯೇ ಸೀಳಿದ. ಮನ್ನಾ ಆಗುವ ತನಕ ಅವು ಬ್ಯಾಂಕಿನವೇ, ನಡುವೆ ನಮ್ಮವು ಹೇಗಾಗುತ್ತವೆ ಎಂಬುದು ಅವನ ನ್ಯಾಯ. ಮನ್ನಾ ಆದ ಮೇಲೆ ಎಲ್ಲ ತಂಗಿಯ ಓದಿಗೆ ಎಂದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡ ಎಂದು ಅವ್ವ ಎಚ್ಚರಿಸಿದಳು. ಆದರೂ ಸಂಜೆ ಭತ್ತದ ಕೂಳೆ ಮೇಯ್ದು ಬರುವ ಹಿಂಡನ್ನು ನೋಡುತ್ತ ಅವಳೂ ಖುಷಿಯಿಂದಲೇ ನಿಲ್ಲುತ್ತಿದ್ದಳು.

ಮನ್ನಾ ಬರಲಿಲ್ಲ. ಬಂದದ್ದು ತಂಗಿಗೆ ಯಾದಗಿರಿಯ ಕಾಲೇಜಿನಲ್ಲಿ ಫಾರ್ಮಸಿ ಸೀಟು. ಅವಳು ಕುಣಿದಾಡಿದಳು. ಸಾಲ ಕೇಳಲು ನಾವು ಮೂವರೂ ಅದೇ ಬ್ಯಾಂಕಿಗೆ ಹೋದೆವು. ಅಧಿಕಾರಿ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಕಂಪ್ಯೂಟರ್ ನೋಡಿ ಅವರ ಮುಖ ಸಣ್ಣದಾಯಿತು. ಅಕ್ಕನ ಸಾಲಕ್ಕೂ ತಂಗಿಯ ಸಾಲಕ್ಕೂ ಜೊತೆ ಸಾಲಗಾರ ಅಪ್ಪನೇ. ನಿಂತುಹೋದ ಕಂತುಗಳ ಬಾಕಿ ತೀರದೆ ಅವನ ಹೆಸರಿನಲ್ಲಿ ಹೊಸ ಸಾಲ ಏಳುವುದಿಲ್ಲ, ಸೀಟಿಗೆ ಹಣ ಕಟ್ಟುವ ಗಡುವು ಮುಂದಿನ ವಾರ ಮುಗಿಯುತ್ತದೆ. ಮನ್ನಾ ಎಂದರಲ್ಲ ಎಂದು ಅಪ್ಪ ಕೇಳಿದ.

"ಅಂಥ ಆದೇಶ ಯಾವುದೂ ಬಂದಿಲ್ರಿ ಯಜಮಾನ್ರ," ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ನಾನೂ ನನ್ನ ಓದಿನ ಸಾಲ ಕಟ್ಟಾಕತ್ತೀನ್ರಿ. ಬಂದಿದ್ರ ನನಗ ಮೊದಲ ಗೊತ್ತಾಗ್ತಿತ್ತು," ಎಂದರು.

ಹೊರಗೆ ಬಂದಾಗ ತಂಗಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಬೇಕಾದರೆ ಬಿ.ಎ. ಮಾಡುತ್ತೇನೆ, ಅದಕ್ಕೇನು ಖರ್ಚು ಬರುವುದಿಲ್ಲ ಎಂದಳು. ಆ ಮಾತು ಕೇಳಿ ಅಪ್ಪ ತನ್ನ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಏನೂ ತೋಚದಿದ್ದಾಗಲೆಲ್ಲ ಅವನು ಮಾಡುವುದು ಅದನ್ನೇ.

ಸಂತೆಯ ದಿನ ಅಪ್ಪ ಬ್ಯಾಂಕಿನ ಕುರಿಗಳಲ್ಲಿ ಬಾಕಿಗೆ ಸಾಲುವಷ್ಟನ್ನು, ತಾಯಿ ಮರಿ ಎನ್ನದೆ, ಹೊಡೆದುಕೊಂಡು ಹೋದ. ರಜೆ ಹಾಕಿ ನಾನೂ ಜೊತೆಗಿದ್ದೆ. ದಪ್ಪ ಕುರಿಗಳನ್ನು ದೂರದಿಂದಲೇ ಕಂಡು ಹೈದರಾಬಾದಿಗೆ ಸಾಗಿಸುವ ವ್ಯಾಪಾರಿಗಳು ಓಡಿ ಬಂದರು. ಬೆನ್ನು ಒತ್ತಿ ನೋಡಿದರು, ಹಲ್ಲು ನೋಡಿದರು, ಕಿವಿ ನೋಡಿದರು. ಕಿವಿ ನೋಡಿದವರು ಕೈ ಹಿಂದಕ್ಕೆ ಎಳೆದುಕೊಂಡರು. ದೇವರಿಗೆ ಬಿಟ್ಟ ಕುರಿಯನ್ನು ನಮ್ಮ ಕಡೆ ಯಾವ ಜಾತಿಯ, ಯಾವ ಮತದ ಕಟುಕನೂ ಕೊಳ್ಳುವುದಿಲ್ಲ.

ಅಷ್ಟು ವರ್ಷ ನಾವು ಮಾರಿದ್ದು ಕಿವಿ ಸೀಳದ ಮರಿಗಳನ್ನು, ಹಾಗಾಗಿ ಈ ತೊಡಕು ಯಾರ ತಲೆಗೂ ಹೊಳೆದಿರಲಿಲ್ಲ. "ಇವು ದೇವರವಲ್ರೋ, ಬ್ಯಾಂಕಿನವು," ಎಂದು ಅಪ್ಪ ಒಬ್ಬೊಬ್ಬರಿಗೂ ಹೇಳಿದ. ಸಂತೆಗೆ ಸಂತೆಯೇ ನಕ್ಕಿತು. ಯಾವ ನಗೆಗೆ ಹೆದರಿ ಅವನು ಕಂತು ಬೇಡವೆಂದಿದ್ದನೋ ಅದೇ ನಗೆ. ಯಾರ ಸಾಲವನ್ನೂ ಮುಳುಗಿಸದ ಮನುಷ್ಯ ಬಿಸಿಲಲ್ಲಿ ನಿಂತು ತನ್ನ ಕುರಿಗಳ ಕಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುತ್ತಿದ್ದ. ನನಗೆ ನಗುವವರೆಲ್ಲರ ಮೇಲೂ ಸಿಟ್ಟು ಬಂತು. ಟಿವಿಯವರ ಮೇಲೆ, ಭಾಷಣದವರ ಮೇಲೆ, ಬಣ್ಣದ ಪುಸ್ತಕದ ಕಾಲೇಜಿನವರ ಮೇಲೂ ಬಂತು.

ಮಧ್ಯಾಹ್ನ ಸಂತೆ ಕರಗುವ ಹೊತ್ತಿಗೆ ಔಷಧಿ ಅಂಗಡಿಯವರು ತಮ್ಮನ ಜೊತೆ ಬಂದರು. ತಂಗಿಯ ಸೀಟಿಗೆಂದು ರಜೆ ಹಾಕುವಾಗ ಕಾರಣವನ್ನು ದವಾಖಾನೆಯಲ್ಲಿ ಹೇಳಿದ್ದೆ, ಉಳಿದದ್ದನ್ನು ಸಂತೆಯ ನಗೆಯೇ ಅವರಿಗೆ ಮುಟ್ಟಿಸಿತ್ತು. ಆ ತಮ್ಮ ನಮ್ಮ ಕುರಿಗಳ ನಡುವೆ ಇಳಿದು ಕೆಚ್ಚಲು ನೋಡಿದ. ಕೊಯ್ಯುವವನಿಗೆ ಆ ಕಿವಿ ಬೇಡ, ಸಾಕುವವನಿಗೆ ಅದರಿಂದ ಏನೂ ತೊಂದರೆ ಇಲ್ಲ. ಬೀರಪ್ಪನ ಕುರಿಯನ್ನೂ ಹಿಂಡಿಗೆ ಕೂಡಿಸಿಕೊಂಡು ಸಾಕಬಹುದು. ಅವರು ಬೆಲೆಯಲ್ಲಿ ಚೌಕಾಸಿ ಮಾಡಿದರು, ಅಪ್ಪನೂ ಜಗ್ಗಾಡಿದ. ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ ವ್ಯಾಪಾರ ಮುಗಿಯಿತು. ಅದು ನ್ಯಾಯದ ಬೆಲೆಯೇ ಆಗಿತ್ತು.

ನನ್ನ ಕಣ್ಣು ತುಂಬಿದ್ದನ್ನು ಕಂಡು ಅವರು ಸ್ವಲ್ಪ ಬಿರುಸಾಗಿಯೇ ಮಾತಾಡಿದರು.

"ನಾ ಯಾರ ಸಾಲನೂ ಮಾಫ್ ಮಾಡಾಕತ್ತಿಲ್ಲವ್ವಾ. ಕುರಿ ಕೊಂಡೀನಿ, ಅಷ್ಟ." ಸ್ವಲ್ಪ ದೂರ ಹೋದವರು ತಿರುಗಿ ನಿಂತು ಕೇಳಿದರು, "ತಂಗಿದು ಫಾರ್ಮಸಿ ಅಂದಿ ಅಲ್ಲ?"

ಹೌದ್ರಿ ಎಂದೆ. ಅವರು ತಲೆಯಾಡಿಸಿ ಹೋದರು.

ಬಾಕಿ ತೀರಿತು. ಗಡುವಿನೊಳಗೆ ತಂಗಿಯ ಸಾಲವೂ ಮಂಜೂರಾಯಿತು. ಬ್ಯಾಂಕಿನಿಂದ ಮನೆಗೆ ಬಂದ ಅಪ್ಪ ಈಗ ತಂಗಿಯ ಸಾಲಕ್ಕೆ ಗುರುತು ಹಾಕಲು ಮತ್ತೆ ಹಿಂಡಿಗೆ ಇಳಿದ. ನಮ್ಮ ಮುದಿ ಕುರಿಗಳು ಈದ ಹೆಣ್ಣು ಮರಿಗಳಲ್ಲಿ ಒಂದನ್ನು ತಂಗಿ ಮೊಣಕಾಲ ನಡುವೆ ಹಿಡಿದು ಕೂತಳು. ಅಪ್ಪ ಚಾಕು ತೆಗೆದು ಮರಿಯ ಕಿವಿಯನ್ನು ಬೆರಳಿನಲ್ಲಿ ಸವರಿದ. ಆಮೇಲೆ ಚಾಕು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಕೆಮ್ಮಣ್ಣು ತರಲು ಅವ್ವನಿಗೆ ಹೇಳಿದ. ನೀರಿನಲ್ಲಿ ಕಲಸಿ ಮರಿಗಳ ಬೆನ್ನಿಗೆ ಒಂದೊಂದು ಪಟ್ಟೆ ಎಳೆದ.

ಇದು ಮಳೆ ಬಂದರೆ ತೊಳೆದು ಹೋಗುತ್ತದಲ್ಲ ಎಂದು ನಾನು ಕೇಳಿದೆ.

"ಹೋಗಲಿ," ಎಂದ ಅಪ್ಪ. "ನಾಳೆ ಖರೇನ ಮಾಫ್ ಮಾಡಿದ್ರ ಅಳಸಾಕ ಬರಬೇಕಲ್ಲ. ಕಿವಿ ಕೊಯ್ದ್ರ ಹ್ಯಾಂಗ ಕೂಡಸಲಿ?"

ತಂಗಿ ಈಗ ಯಾದಗಿರಿಯಲ್ಲಿ ಓದುತ್ತಿದ್ದಾಳೆ. ನಾನು ನನ್ನ ಸಾಲದ ಉಳಿದ ಕಂತು ಕಟ್ಟುತ್ತಿದ್ದೇನೆ. ಹೊಸ ಚಪ್ಪಲಿಯೂ ಹಳೆಯದಾಗಿ ಒಮ್ಮೆ ಹೊಲಿಸಿಕೊಂಡಿದೆ. ಟಿವಿಯಲ್ಲಿ ಚರ್ಚೆ ಆಗಾಗ ಮತ್ತೆ ಏಳುತ್ತದೆ. ಮನ್ನಾ ಆಗಲಿ ಎಂದೇ ನನ್ನ ಆಸೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಮೊನ್ನೆ ಊರಿಗೆ ಹೋದಾಗ ಇಡೀ ದಿನ ಮಳೆ. ಹಿಂಡು ತೊಯ್ದು ಬಂದಾಗ ಒಂದು ಮರಿಯ ಬೆನ್ನಿನ ಮೇಲೂ ಕೆಂಪು ಉಳಿದಿರಲಿಲ್ಲ. ಯಾವ ಮರಿ ನಮ್ಮದು, ಯಾವುದು ಬ್ಯಾಂಕಿನದು ಎಂದು ಅಪ್ಪನನ್ನು ಬಿಟ್ಟು ಯಾರಿಗೂ ಗೊತ್ತಾಗುವಂತಿರಲಿಲ್ಲ. ಮಳೆ ನಿಂತ ಮೇಲೆ ಅವನು ಕೆಮ್ಮಣ್ಣು ಕಲಸಿಕೊಂಡು ಹೊರಗೆ ಹೋದ.